ಸಿಂಧನೂರಿನಲ್ಲಿದ್ದುಕೊಂಡು ಮೊದಲ ಕಥಾ ಸಂಕಲನ ಮಾರುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಸಿಂಧನೂರಿನಲ್ಲಿದ್ದೀರಿ. ಸಣ್ಣ ಪ್ರಕಾಶನವೊಂದರಿಂದ ನಿಮ್ಮ ಮೊದಲ ಕಥಾ ಸಂಕಲನ ಬಂದಿದೆ. 500 ಪ್ರತಿ ಅಚ್ಚಾಗಿವೆ. ‘ಮಾರಾಟಕ್ಕೆ ನೀವೂ ಓಡಾಡಬೇಕು’ ಅಂತ ಪ್ರಕಾಶಕರು ಹೇಳಿದ್ದಾರೆ. ಬೆಂಗಳೂರಿನಲ್ಲಿ ಯಾರ ಪರಿಚಯವೂ ಇಲ್ಲ. ಈಗ ಏನು ಮಾಡುವುದು?

ನಾನು ಕೊಪ್ಪಳದ ಕಡೆಯವನು, ಪ್ರೌಢಶಾಲೆಯ ಮಾಸ್ತರ್. ನನ್ನ ಕಥೆಗಳೂ ಇಂಥದ್ದೇ ಪ್ರಕಾಶನದಿಂದ ಬಂದವು. ಹೆಚ್ಚಿನ ಪ್ರತಿಗಳು ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲೇ ಖರ್ಚಾದವು. ಅದಕ್ಕೇ ಹೇಳುತ್ತೇನೆ, ಬೆಂಗಳೂರಿನ ಚಿಂತೆ ಸದ್ಯಕ್ಕೆ ಬಿಡಿ. ಹೆಸರಿಲ್ಲದ ಲೇಖಕನ ಕಥೆ ಪುಸ್ತಕವನ್ನು ಮೊದಲು ಕೊಳ್ಳುವವರು ಆ ಕಥೆಯೊಳಗಿನ ಊರಿನ ಜನ.

ನಿಮ್ಮ ಕಥೆಗಳು ಎಲ್ಲಿ ನಡೆಯುತ್ತವೆ? ಹಟ್ಟಿ ಚಿನ್ನದ ಗಣಿಯಲ್ಲಾ, ಕಿನ್ನಾಳದ ಗೊಂಬೆ ಮಾಡುವವರ ಮನೆಯಲ್ಲಾ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಓಣಿಯಲ್ಲಾ? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿ ನೀರಿಗೆ ಕಾಯುವ ರೈತರ ಕಥೆಯಾ? ಆ ಊರಿಗೇ ಪುಸ್ತಕ ಹಿಡಿದುಕೊಂಡು ಹೋಗಿ. ನನ್ನ ಸಂಕಲನದಲ್ಲಿ ಕಾರಟಗಿಯ ರೈಸ್ ಮಿಲ್ ಹಮಾಲರ ಕಥೆಯೊಂದಿದೆ. ಅಲ್ಲಿಯ ಗೊಬ್ಬರದ ಅಂಗಡಿಯವರೊಬ್ಬರು ಅದನ್ನು ಓದಿ, ಗಲ್ಲಾ ಪಕ್ಕದಲ್ಲೇ ಒಂದಿಷ್ಟು ಪ್ರತಿ ಇಟ್ಟುಕೊಂಡರು. ಬೀಜ, ಗೊಬ್ಬರಕ್ಕೆ ಬಂದವರು ಮುಖಪುಟ ನೋಡಿ ‘ಇದು ನಮ್ಮ ಮಿಲ್ ಅಲ್ಲೇನ್ರೀ’ ಅಂತ ಕೈಗೆತ್ತಿಕೊಳ್ಳುತ್ತಿದ್ದರು. ಯಾವ ಪುಸ್ತಕದ ಅಂಗಡಿಯಲ್ಲೂ ನನ್ನ ಪುಸ್ತಕ ಅಷ್ಟು ಚುರುಕಾಗಿ ಹೋಗಲಿಲ್ಲ. ಹೋಗುವಾಗ ಸಮಯ ಮಾತ್ರ ನೋಡಿಕೊಳ್ಳಿ. ಭತ್ತದ ಕೊಯ್ಲಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಮಾಲು ಮಾರಿ ಕೈಗೆ ದುಡ್ಡು ಬಂದ ಮೇಲೆ ಹೋಗಬೇಕು. ನೌಕರರ ಹತ್ತಿರವಾದರೆ ತಿಂಗಳ ಮೊದಲ ವಾರ.

ಹೋದಲ್ಲಿ ಭಾಷಣ ಬೇಡ, ಒಂದು ಕಥೆ ಓದಿ. ನಮ್ಮ ಕಡೆಯ ಮಾತು ಕಾಗದದ ಮೇಲೆ ಓದುವುದಕ್ಕಿಂತ ಕಿವಿಯಲ್ಲಿ ಕೇಳಿದರೆ ಜಾಸ್ತಿ ರುಚಿ. ಪೂರ್ತಿ ಓದಬೇಡಿ. ಮುಂದೇನು ಅಂತ ಕೇಳಬೇಕು ಅನ್ನಿಸುವ ಜಾಗದಲ್ಲಿ ನಿಲ್ಲಿಸಿ. ವಾಟ್ಸಾಪ್‌ನಲ್ಲೂ ಹೀಗೇ ಮಾಡಬಹುದು. ಮುಖಪುಟದ ಫೋಟೋ ದಿನಾ ಸ್ಟೇಟಸ್‌ಗೆ ಹಾಕಿದರೆ ಜನ ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತಾರೆ. ಎರಡು ನಿಮಿಷದ ಆಡಿಯೊ ಹಾಕಿ, ನಿಮ್ಮದೇ ದನಿ, ನಿಮ್ಮ ಊರಿನ ಮಾತು. ಅದು ಗುಂಪಿನಿಂದ ಗುಂಪಿಗೆ ತಾನಾಗಿ ಹೋಗುತ್ತದೆ. ಕೆಳಗೆ ಬೆಲೆ ಮತ್ತು ಫೋನ್ ನಂಬರ್ ಬರೆಯಿರಿ, ಸಾಕು.

ಬಿಡುಗಡೆ ಸಮಾರಂಭದ ವಿಷಯ. ಮಾಡಿ, ಆದರೆ ಸಣ್ಣದಾಗಿ ಮಾಡಿ. ವೇದಿಕೆ ತುಂಬ ಗಣ್ಯರು, ಶಾಲು, ಹಾರ, ಮೂರು ತಾಸು ಮಾತು ಆದರೆ ಪುಸ್ತಕದ ಮೇಜಿನ ಹತ್ತಿರ ಬರುವಷ್ಟರಲ್ಲಿ ಜನ ಸುಸ್ತಾಗಿರುತ್ತಾರೆ. ಇಬ್ಬರು ಮಾತಾಡಲಿ, ಒಬ್ಬರು ಓದಲಿ. ಮೇಜು ಬಾಗಿಲ ಬಳಿ ಇರಲಿ. ಅಲ್ಲಿ ಕೂರುವವರ ಹತ್ತಿರ ಚಿಲ್ಲರೆಯೂ ಇರಬೇಕು, ಫೋನ್‌ಪೇ ಸ್ಕ್ಯಾನರೂ ಇರಬೇಕು. 2016ರ ಡಿಸೆಂಬರ್‌ನಲ್ಲಿ ರಾಯಚೂರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನೋಟು ರದ್ದಾಗಿ ಒಂದು ತಿಂಗಳೂ ಆಗಿರಲಿಲ್ಲ. ಆಸೆಯಿಂದ ಪುಸ್ತಕ ಎತ್ತಿಕೊಂಡವರು ಚಿಲ್ಲರೆ ಇಲ್ಲದೆ ವಾಪಸ್ ಇಟ್ಟು ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಕೊಳ್ಳುವ ಮನಸ್ಸು ಬಂದ ಗಳಿಗೆಯಲ್ಲೇ ದುಡ್ಡು ಕೊಡುವ ದಾರಿ ಸಲೀಸಾಗಿರಬೇಕು, ಅಲ್ವಾ?

ಇನ್ನು ಗೌರವ ಪ್ರತಿ. ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ನೆಂಟರು, ಗೆಳೆಯರು, ಸಹೋದ್ಯೋಗಿಗಳು ಅಂತ ಸುಮ್ನೆ ಹಂಚಬೇಡಿ. ಪುಕ್ಕಟೆ ಬಂದ ಪುಸ್ತಕ ಟಿವಿ ಮೇಲೆ ಕೂರುತ್ತದೆ, ದುಡ್ಡು ಕೊಟ್ಟವನು ನಾಲ್ಕು ಪುಟವಾದರೂ ಓದುತ್ತಾನೆ. ಸಣ್ಣ ಪ್ರಕಾಶಕರ ಬಂಡವಾಳವೂ ಅದರಲ್ಲೇ ಇದೆ. ನೀವು ಹಂಚಿದ ಪ್ರತಿಗಳಿಂದಲೇ ಮುಂದಿನ ಹೊಸ ಹುಡುಗ ಅಥವಾ ಹುಡುಗಿಯ ಪುಸ್ತಕ ನಿಂತುಹೋಗಬಹುದು. ‘ನನಗೊಂದು ಕೊಡ್ರೀ’ ಅಂದವರಿಗೆ ನಗುತ್ತಲೇ ಬೆಲೆ ಹೇಳಿ. ಬಹಳ ಜನ ಕೊಡುತ್ತಾರೆ, ಕೇಳದೇ ಇರುವುದರಿಂದ ಕೊಡುವುದಿಲ್ಲ ಅಷ್ಟೆ. ಪುಕ್ಕಟೆ ಕೊಡಲೇಬೇಕು ಅಂದರೆ ನಿಮ್ಮ ಸುತ್ತಲಿನ ಹಳ್ಳಿಗಳ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಅಲ್ಲಿಯ ಗ್ರಂಥಾಲಯಕ್ಕೆ ಕೊಡಿ. ಅಲ್ಲಿ ಒಂದು ಪ್ರತಿಯನ್ನು ಹತ್ತಾರು ಕೈ ಮುಟ್ಟುತ್ತವೆ.

ಇದರ ಜತೆಗೆ ಒಂದು ಒಳ್ಳೆಯ ದಾರಿ ಇದೆ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲಿ ರಾಜ್ಯ ಸರ್ಕಾರವೇ ಹೇಳಿತ್ತು. ಶಾಲೆ, ಕಚೇರಿಗಳಲ್ಲಿ ನಿವೃತ್ತಿ, ವರ್ಗಾವಣೆ, ಬೀಳ್ಕೊಡುಗೆ ವರ್ಷವಿಡೀ ಇರುತ್ತವೆ. ಪರಿಚಯದ ಹೆಡ್ ಮಾಸ್ತರ್‌ಗಳಿಗೆ, ನೌಕರರ ಸಂಘದವರಿಗೆ ಇದನ್ನು ನೆನಪಿಸಿ. ಹತ್ತು ಹತ್ತು ಪ್ರತಿ ಒಟ್ಟಿಗೆ ಹೋಗುತ್ತವೆ.

ಅಂಗಡಿ ಬೇಡ ಅಂತಲ್ಲ, ಆದರೆ ಲೆಕ್ಕ ತಿಳಿದಿರಲಿ. ಬೆಲೆ ₹160 ಅಂತಿಟ್ಟುಕೊಳ್ಳಿ. ಅಂಗಡಿಯವರು ಶೇ 40 ಕಮಿಷನ್ ಕೇಳಿದರೆ ₹64 ಅಲ್ಲೇ ಹೋಯಿತು. ಉಳಿದ ₹96ರಲ್ಲಿ ಅಚ್ಚಿನ ಖರ್ಚು, ಸಾಗಣೆ, ನಿಮ್ಮ ಗೌರವಧನ, ಪ್ರಕಾಶಕರ ಪಾಲು ಎಲ್ಲ ಬರಬೇಕು. ಮಾರಿ ಆಮೇಲೆ ಕೊಡುತ್ತೇವೆ ಅನ್ನುವ ಅಂಗಡಿಗೆ ಐದು ಪ್ರತಿಗಿಂತ ಜಾಸ್ತಿ ಬಿಡಬೇಡಿ, ಚೀಟಿ ಬರೆಸಿಕೊಳ್ಳಿ. ನೀವು ಕೈಯಿಂದ ಕೈಗೆ ಮಾರಿದರೆ ಆ ₹64 ನಿಮಗೂ ಪ್ರಕಾಶಕರಿಗೂ ಉಳಿಯುತ್ತದೆ. ಅದರ ಹಂಚಿಕೆ ಹೇಗೆ ಅಂತ ಪ್ರಕಾಶಕರ ಜತೆ ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ. ಇ-ಪುಸ್ತಕ, ಆಡಿಯೊ ಹಕ್ಕು ಯಾರದ್ದು ಅನ್ನುವುದೂ ಅದರಲ್ಲಿರಲಿ. ಮೈಲ್ಯಾಂಗ್‌ನಂಥ ಇ-ಪುಸ್ತಕ, ಆಡಿಯೊ ಪುಸ್ತಕದ ಆ್ಯಪ್‌ಗಳಲ್ಲಿ ಕನ್ನಡ ಕಥೆ ಕೇಳುವವರೂ ಇದ್ದಾರೆ.

ದೂರದವರಿಗೆ ಕಳಿಸಲು ಅಂಚೆಯೇ ಅಗ್ಗ. 2025ರ ಮೇ 1ರಿಂದ ಪುಸ್ತಕ ಕಳಿಸುವುದಕ್ಕೇ ‘ಜ್ಞಾನ ಪೋಸ್ಟ್’ ಅಂತ ಶುರುವಾಗಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ ₹20, 5 ಕಿಲೋವರೆಗೆ ₹100, ಮೇಲೆ ತೆರಿಗೆ. ಡೆಮಿ ಸೈಜಿನ (ಕಥೆ ಪುಸ್ತಕಗಳ ಮಾಮೂಲಿ ಅಳತೆ) 130 ಪುಟದ ಪುಸ್ತಕ ಲಕೋಟೆ ಸಮೇತ 300 ಗ್ರಾಂ ಒಳಗೇ ಬರುತ್ತದೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು, ಜಾಹೀರಾತು ಇರಬಾರದು. ನಿಧಾನ ಹೋಗುತ್ತದೆ, ಆದರೆ ಎಲ್ಲಿದೆ ಅಂತ ನೋಡಬಹುದು.

ಕಾಲೇಜುಗಳ ಕನ್ನಡ ವಿಭಾಗಕ್ಕೆ ಹೋಗಿ, ವಿದ್ಯಾರ್ಥಿಗಳಿಗೆ ಬೆಲೆ ಇಳಿಸಿ. ಗ್ರಂಥಾಲಯದ ಅನುದಾನ ಮಾರ್ಚ್ ಒಳಗೆ ಖರ್ಚಾಗಬೇಕಾದ್ದರಿಂದ ಜನವರಿ, ಫೆಬ್ರವರಿಯಲ್ಲಿ ಗ್ರಂಥಪಾಲಕರನ್ನು ಕಾಣಿ. ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನ ಮುದ್ರಣಕ್ಕೆ ತಪ್ಪದೇ ಹಾಕಿಸಿ, ನಮ್ಮ ದೇಶದಲ್ಲಿ ಅದಕ್ಕೆ ಶುಲ್ಕವಿಲ್ಲ. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದೇ ಕಡೆ ಪುಸ್ತಕ ಆಯ್ದು ಕೊಳ್ಳುವ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿಗೆ ಅರ್ಜಿ ಹಾಕಲು ಪ್ರಕಾಶಕರಿಗೆ ಹೇಳಿ. ಆಯ್ಕೆಯಾದರೆ ದೊಡ್ಡ ಆಸರೆ, ಆದರೆ ಪುಟದ ಲೆಕ್ಕದಲ್ಲಿ ಬರುವ ಆ ಹಣ ಕೈಸೇರಲು ತಡವಾಗುತ್ತದೆ. ಅದನ್ನು ನಂಬಿ ಸಾಲ ಮಾಡಬೇಡಿ.

ಜಾತ್ರೆಯಲ್ಲಿ ಮಳಿಗೆ ಹಾಕಬಹುದಾ ಅಂತಲೂ ಕೇಳಿದ್ದೀರಿ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆದರೆ ಒಂದೇ ಪುಸ್ತಕ ಇಟ್ಟುಕೊಂಡು ಕೂತರೆ ಯಾರೂ ನಿಲ್ಲುವುದಿಲ್ಲ. ನಿಮ್ಮ ಸುತ್ತಿನ ಐದಾರು ಲೇಖಕರು ಸೇರಿ, ಮಕ್ಕಳ ಪುಸ್ತಕ, ವಚನದ ಪುಸ್ತಕಗಳ ನಡುವೆ ನಿಮ್ಮ ಕಥೆಗಳನ್ನೂ ಇಡಿ. ಬಾಡಿಗೆ ಹಂಚಿಹೋಗುತ್ತದೆ, ಒಬ್ಬರು ಊಟಕ್ಕೆ ಹೋದರೆ ಇನ್ನೊಬ್ಬರು ಮಾರುತ್ತಾರೆ. ಮುಂದಿನ ಜನವರಿಯ ಜಾತ್ರೆಗೆ ನಾವು ಕೆಲವರು ಹಾಗೆ ಸೇರುತ್ತಿದ್ದೇವೆ. ಬರುವುದಾದರೆ ಕೆಳಗೆ ತಿಳಿಸಿ, ನಿಮ್ಮ ಪುಸ್ತಕಕ್ಕೂ ಮೇಜಿನ ಮೇಲೆ ಜಾಗ ಮಾಡುತ್ತೇವೆ.