ಪ್ಲೈವುಡ್ ಕಾರ್ಯಾಗಾರದಲ್ಲಿ ಮೊದಲು ನೋಡಬೇಕಾದದ್ದು ಉಳಿದ ತುಂಡುಗಳನ್ನು

ಪರಿಸರಕ್ಕೆ ಹೊರೆಯಾಗದಂತೆ ಪ್ಲೈವುಡ್ ಪೀಠೋಪಕರಣ ತಯಾರಿಸುತ್ತೇವೆ ಎನ್ನುವವರ ಕಾರ್ಯಾಗಾರಕ್ಕೆ ಹೋಗಲಿದ್ದೀರಿ. ಮರಗೆಲಸದ ಪರಿಚಯವಿಲ್ಲದ ನೀವು ಅಲ್ಲಿ ಏನನ್ನು ನೋಡಬೇಕು, ಏನು ಕೇಳಬೇಕು, ಅವರ ಮಾತು ನಿಜವೆಂದು ಹೇಗೆ ತಿಳಿಯಬೇಕು ಎಂಬುದು ನಿಮ್ಮ ಪ್ರಶ್ನೆ. ಪುಸ್ತಕದ ಕಪಾಟು ಮತ್ತು ಓದುವ ಮೇಜು ಮಾಡಿಸುವ ಸಲುವಾಗಿ ನಾನು ಇಂಥದೇ ಒಂದು ಕಾರ್ಯಾಗಾರಕ್ಕೆ ನಾಲ್ಕು ಬಾರಿ ಹೋಗಿ ಬಂದಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಶೀಟಿನ ಮೇಲಿನ ಮುದ್ರೆಗಿಂತ ಹೆಚ್ಚಿನದನ್ನು ಅಲ್ಲಿ ಉಳಿದ ತುಂಡುಗಳೂ ಬಿಚ್ಚಿ ತೋರಿಸುವ ಜೋಡಣೆಯೂ ತಿಳಿಸುತ್ತವೆ. ಸಿದ್ಧವಾದ ಕುರ್ಚಿ ಮೇಜುಗಳನ್ನು ಜೋಡಿಸಿಟ್ಟ ಕೋಣೆಯನ್ನು ಕೊನೆಗೆ ನೋಡಿದರೆ ಸಾಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದಕ್ಕೂ ಮುಂಚೆ ಬೇರೊಂದು ಕಡೆ ನಾನು ಕೊಂಡಿದ್ದ ಕಪಾಟಿಗೂ ‘ಪರಿಸರಸ್ನೇಹಿ’ ಎಂಬ ಚೀಟಿ ಅಂಟಿಸಿದ್ದರು. ಮೂರನೆಯ ವರ್ಷಕ್ಕೆ ಬಾಗಿಲಿನ ಕೀಲುಗಳ ಸ್ಕ್ರೂ ಸಡಿಲವಾಗಿ ಕೈಗೇ ಬಂದವು. ತಳದ ಅಂಚು ನೆಲ ಒರೆಸುವ ನೀರನ್ನು ಕುಡಿದು ಉಬ್ಬಿ, ಪದರ ಪದರವಾಗಿ ಬಿಟ್ಟುಕೊಂಡಿತು. ಕೆಟ್ಟ ಹಲಗೆಯನ್ನಷ್ಟೇ ಬದಲಿಸೋಣವೆಂದು ಬಿಚ್ಚಲು ಹೋದರೆ ಎಲ್ಲ ಮೂಲೆಗಳಿಗೂ ಅಂಟು ಹಾಕಿ ಮೊಳೆ ಹೊಡೆದಿದ್ದರು. ಒಂದನ್ನು ಬಿಡಿಸಲು ಉಳಿದವನ್ನೂ ಒಡೆಯಬೇಕಾಗಿತ್ತು. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ ಇರುತ್ತದೆ, ವಸ್ತು ಬಳಕೆಯಲ್ಲಿ ಇರುವವರೆಗೂ ಅದು ಅಲ್ಲಿಯೇ ಉಳಿಯುತ್ತದೆ. ಮರವು ಎಂಥ ಒಳ್ಳೆಯ ಕಾಡಿನಿಂದ ಬಂದಿದ್ದರೂ ಮೂರೇ ವರ್ಷಕ್ಕೆ ಕಸದ ಪಾಲಾದರೆ ಆ ಲಾಭವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಕಾರ್ಯಾಗಾರದೊಳಗೆ ಕಾಲಿಟ್ಟ ಕೂಡಲೇ ಒಂದು ಶೀಟಿನ ಅಂಚನ್ನು ತೋರಿಸಲು ಕೇಳಿ. ಪ್ಲೈವುಡ್ಡಿನ ಗುಣವೆಲ್ಲ ಅದರ ಅಂಚಿನಲ್ಲಿ ತೆರೆದುಕೊಂಡಿರುತ್ತದೆ. ದಿಮ್ಮಿಯನ್ನು ಯಂತ್ರದಲ್ಲಿ ತಿರುಗಿಸುತ್ತ, ಉದ್ದನೆಯ ಅಲಗನ್ನು ಒತ್ತಿಹಿಡಿದು, ಸುರುಳಿ ಬಿಚ್ಚಿದ ಹಾಗೆ ತೆಳುವಾದ ಪದರವನ್ನು ಸುಲಿಯುತ್ತಾರೆ. ಒಂದು ಪದರದ ಎಳೆಗೆ ಮುಂದಿನ ಪದರದ ಎಳೆ ಅಡ್ಡವಾಗುವಂತೆ ಪೇರಿಸಿ, ಅಂಟು ಹಾಕಿ, ಬಿಸಿಯಲ್ಲಿ ಒತ್ತುತ್ತಾರೆ. ಮರವು ತೇವಕ್ಕೆ ಹಿಗ್ಗುವುದೂ ಒಣಗಿದಾಗ ಕುಗ್ಗುವುದೂ ಹೆಚ್ಚಾಗಿ ಎಳೆಗೆ ಅಡ್ಡಲಾಗಿ ಮಾತ್ರ. ಆದ್ದರಿಂದ ಅಡ್ಡಡ್ಡ ಕೂರಿಸಿದ ಪದರಗಳು ಒಂದನ್ನೊಂದು ಹಿಡಿದಿಡುತ್ತವೆ. ಎರಡೂ ಮುಖಗಳ ಸೆಳೆತ ಸಮನಾಗಿ ಶೀಟು ಸೊಟ್ಟಗಾಗದಿರಲೆಂದು ಸಾಮಾನ್ಯವಾಗಿ ಪದರಗಳ ಸಂಖ್ಯೆಯನ್ನು ಬೆಸವಾಗಿ ಇಡುತ್ತಾರೆ. ನಾನು ಹೋದ ಕಡೆ ಮುಖ್ಯ ಕೆಲಸಗಾರರು 18 ಮಿಲಿಮೀಟರ್ ದಪ್ಪದ, ಬರ್ಚ್ ಎಂಬ ಮರದ ಪ್ಲೈವುಡ್ ತುಂಡೊಂದನ್ನು ಬೆಳಕಿಗೆ ಹಿಡಿದು, ಪೆನ್ಸಿಲ್ ಮೊನೆಯಿಂದ ಪದರಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು: 13 ಪದರ, ಎಲ್ಲವೂ ಹೆಚ್ಚುಕಡಿಮೆ ಒಂದೇ ದಪ್ಪ, ನಡುವೆ ಎಲ್ಲಿಯೂ ಕಂಡಿಯಿಲ್ಲ. ಆಮೇಲೆ ಅಷ್ಟೇ ದಪ್ಪದ ಅಗ್ಗದ ತುಂಡೊಂದನ್ನು ಪಕ್ಕದಲ್ಲಿಟ್ಟರು. ಅದರಲ್ಲಿ ಕೆಲವೇ ದಪ್ಪ ಪದರಗಳಿದ್ದವು; ಒಂದು ಕಡೆ ಅಕ್ಕಿಕಾಳಿನಷ್ಟು ಉದ್ದದ ಟೊಳ್ಳು ಕಾಣುತ್ತಿತ್ತು. ಸ್ಕ್ರೂ ಅಂಥ ಟೊಳ್ಳಿಗೆ ಬಿದ್ದರೆ ಹಿಡಿಯಲು ಅಲ್ಲಿ ಮರವೇ ಇರುವುದಿಲ್ಲ. ನನ್ನ ಹಳೆಯ ಕಪಾಟಿನ ಕೀಲುಗಳು ಏಕೆ ಕಿತ್ತುಬಂದವು ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಿತು.

ಇನ್ನು ಅಂಟಿನ ವಿಷಯ. ಪ್ಲೈವುಡ್ಡಿನ ಬಗ್ಗೆ ಪರಿಸರದ ದೃಷ್ಟಿಯಿಂದ ನಿಜವಾಗಿ ಚಿಂತಿಸಬೇಕಾದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಒಳಾಂಗಣಕ್ಕೆ ಬಳಸುವ ಅಗ್ಗದ ಶೀಟುಗಳಲ್ಲಿ ಹೆಚ್ಚಾಗಿ ಇರುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಸೆಕೆ ಮತ್ತು ತೇವ ಹೆಚ್ಚಾದಾಗ ಅದು ಸ್ವಲ್ಪ ಸ್ವಲ್ಪವಾಗಿ ಒಡೆದು ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನೀರು ತಾಳಿಕೊಳ್ಳಬೇಕಾದ ಶೀಟುಗಳಿಗೆ ಬಳಸುವ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು ಇದಕ್ಕಿಂತ ಗಟ್ಟಿ. ಒಮ್ಮೆ ಪಕ್ವವಾದ ಮೇಲೆ ಅದು ಬಿಡುವ ಅನಿಲ ಬಹಳ ಕಡಿಮೆ, ಅಂಚಿನಲ್ಲಿ ಅದರ ಗೆರೆ ಸಾಮಾನ್ಯವಾಗಿ ಕಡುಕಂದಾಗಿ ಕಾಣುತ್ತದೆ. ಆದರೆ ಬಣ್ಣ ನೋಡಿ ತೀರ್ಮಾನಿಸಬೇಡಿ, ಪರೀಕ್ಷೆಯ ಪತ್ರ ಕೇಳಿ. ಯುರೋಪಿನ ಇ1 ದರ್ಜೆಯೆಂದರೆ ಪರೀಕ್ಷಾ ಕೋಣೆಯ ಗಾಳಿಯ 10 ಲಕ್ಷ ಭಾಗಗಳಲ್ಲಿ ಸುಮಾರು 0.1 ಭಾಗದ ಮಿತಿ. ಕ್ಯಾಲಿಫೋರ್ನಿಯಾದ ಎರಡನೆಯ ಹಂತದ ನಿಯಮವು ಗಟ್ಟಿಮರದ ಪ್ಲೈವುಡ್ಡಿಗೆ 0.05 ಭಾಗದ ಮಿತಿಯನ್ನು ಹೇಳುತ್ತದೆ. ಎರಡರ ಪರೀಕ್ಷಾ ವಿಧಾನಗಳು ಬೇರೆ ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ತಾಳೆ ಹಾಕಲು ಬರುವುದಿಲ್ಲ, ಆದರೂ ಎರಡನೆಯದು ಹೆಚ್ಚು ಬಿಗಿಯಾದದ್ದು. ಸೋಯಾ ಪ್ರೋಟೀನಿನಿಂದ ಮಾಡಿದ, ಫಾರ್ಮಾಲ್ಡಿಹೈಡ್ ಸೇರಿಸದ ಅಂಟುಗಳೂ ಈಗ ಬಳಕೆಯಲ್ಲಿವೆ. ನಿಮ್ಮಲ್ಲಿ ಯಾವುದು ಎಂದು ಕೇಳಿದಾಗ ನನಗೆ ಉತ್ತರ ಕೊಟ್ಟವರು ಕಡತದಿಂದ ಆ ಸರಕಿನ ಪತ್ರವನ್ನೇ ತೆಗೆದು ಮುಂದಿಟ್ಟರು. ‘ವಾಸನೆ ಬರುವುದಿಲ್ಲ, ನೋಡಿ’ ಎನ್ನುವುದಷ್ಟೇ ಉತ್ತರವಾದರೆ ಅದನ್ನು ಸಾಕ್ಷಿಯೆಂದು ಎಣಿಸಬೇಡಿ. ಮೂಗಿಗೆ ತಿಳಿಯದಷ್ಟು ಕಡಿಮೆ ಪ್ರಮಾಣದಲ್ಲಿಯೂ ಆ ಅನಿಲ ಇರಬಲ್ಲದು. ಆದರೆ ಮುಚ್ಚಿಟ್ಟ ಡ್ರಾಯರನ್ನು ಎಳೆದಾಗ ಕಣ್ಣು ಉರಿಯುವಂಥ ಘಾಟು ಬಂದರೆ ಬೇರೆ ಪತ್ರವನ್ನು ನೋಡುವ ಅಗತ್ಯವೇ ಇಲ್ಲ.

ಮರವು ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನಿಂದ ಬಂದಿದೆ ಎನ್ನುವ ಪ್ರಮಾಣಪತ್ರದ ವಿಷಯದಲ್ಲಿ ಎರಡು ಸಂಸ್ಥೆಗಳ ಹೆಸರುಗಳನ್ನು ಕೇಳುತ್ತೀರಿ: 1993ರಲ್ಲಿ ಸ್ಥಾಪನೆಯಾದ ಎಫ್‌ಎಸ್‌ಸಿ ಮತ್ತು 1999ರಲ್ಲಿ ಆರಂಭವಾದ ಪಿಇಎಫ್‌ಸಿ. ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ಈ ಪದ್ಧತಿಯಲ್ಲಿ ಮರವು ಕೈಯಿಂದ ಕೈಗೆ ಹೋಗುವ ಪ್ರತಿ ಹಂತದಲ್ಲಿಯೂ ಅದನ್ನು ಕೊಂಡು ಮಾರುವವರಿಗೆ ಪ್ರಮಾಣಪತ್ರವಿರಬೇಕು. ಪ್ರಮಾಣಿತ ಶೀಟನ್ನು ಕೊಂಡಿದ್ದೇವೆ ಎಂಬ ಒಂದೇ ಕಾರಣಕ್ಕೆ, ತಮಗೆ ಪ್ರಮಾಣಪತ್ರವಿಲ್ಲದ ಕಾರ್ಯಾಗಾರದವರು ತಮ್ಮ ಮೇಜಿಗೆ ಆ ಮುದ್ರೆ ಹಾಕುವಂತಿಲ್ಲ. ಸಣ್ಣ ಕಾರ್ಯಾಗಾರಗಳು ಆ ಖರ್ಚನ್ನು ಹೊರಲಾರದೆ ಬಿಟ್ಟಿರುವುದು ಸಹಜ, ಅದು ತಪ್ಪೂ ಅಲ್ಲ. ಅಂಥವರು ‘ನಮ್ಮ ಶೀಟು ಪ್ರಮಾಣಿತ, ಇಗೋ ಅದರ ರಸೀದಿ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನನಗೆ ಅವರ ಮೇಲೆ ಹೆಚ್ಚು ನಂಬಿಕೆ ಹುಟ್ಟುತ್ತದೆ. ರಸೀದಿಯಲ್ಲಿ ಪೂರೈಕೆದಾರರ ಪ್ರಮಾಣಪತ್ರದ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಆ ಸಂಸ್ಥೆಗಳ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿದರೆ ಅದು ಚಾಲ್ತಿಯಲ್ಲಿದೆಯೇ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಈಗ ತುಂಡುಗಳ ವಿಷಯಕ್ಕೆ ಬರುತ್ತೇನೆ. ಸಾಮಾನ್ಯವಾದ ದೊಡ್ಡ ಶೀಟು 2440 ಮಿಲಿಮೀಟರ್ ಉದ್ದ, 1220 ಮಿಲಿಮೀಟರ್ ಅಗಲವಿರುತ್ತದೆ. ಒಂದು ಮೇಜಿಗೆ ಬೇಕಾದ ಹಲಗೆಗಳನ್ನು ಅದರಿಂದ ಹೇಗೆ ಕತ್ತರಿಸುತ್ತಾರೆ ಎಂಬ ನಕ್ಷೆಯನ್ನು ತೋರಿಸಲು ಕೇಳಿ, ಏಕೆಂದರೆ ಶ್ರದ್ಧೆಯಿಂದ ಕೆಲಸ ಮಾಡುವವರ ಬಳಿ ಅದು ಇದ್ದೇ ಇರುತ್ತದೆ. ನನ್ನ ಮೇಜಿನ ನಕ್ಷೆಯನ್ನು ಅವರು ಕಾಗದದ ಮೇಲೆ ಹರಡಿದಾಗ, ನಾನು ಹೇಳಿದ್ದ ಅಗಲಕ್ಕೆ ಕತ್ತರಿಸಿದರೆ ಶೀಟಿನ ಒಂದು ಬದಿಯಲ್ಲಿ ಯಾವುದಕ್ಕೂ ಸಾಲದ ಉದ್ದನೆಯ ಪಟ್ಟಿಯೊಂದು ಉಳಿಯುತ್ತಿತ್ತು. ‘ಅಗಲದಲ್ಲಿ 15 ಮಿಲಿಮೀಟರ್ ಬಿಟ್ಟುಕೊಟ್ಟರೆ ಈ ಪಟ್ಟಿಯಲ್ಲಿಯೇ ಡ್ರಾಯರಿನ ನಾಲ್ಕು ಬದಿಗಳೂ ಹೊರಡುತ್ತವೆ, ಇನ್ನೊಂದು ಶೀಟಿಗೆ ಕೈ ಹಾಕಬೇಕಾಗಿಲ್ಲ’ ಎಂದರು. ಒಂದು ಬೆರಳಿನಗಲದಷ್ಟು ಮೇಜು ಕಿರಿದಾದದ್ದು ಇವತ್ತಿನವರೆಗೂ ನನ್ನ ಅನುಭವಕ್ಕೆ ಬಂದಿಲ್ಲ. ಗರಗಸದ ದಾರಿಯೂ ಲೆಕ್ಕಕ್ಕೆ ಬರುತ್ತದೆ: ಸಾಮಾನ್ಯ ವೃತ್ತಾಕಾರದ ಗರಗಸ ಒಂದು ಸಲ ಹಾದುಹೋದರೆ ಸುಮಾರು 3 ಮಿಲಿಮೀಟರ್ ಮರ ಹೊಟ್ಟಾಗುತ್ತದೆ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರದಲ್ಲಿ 6 ಮಿಲಿಮೀಟರ್ ಅಲಗು ಹಾಕಿದ್ದರೆ ಅದರ ಎರಡರಷ್ಟು. ಹಾಗೆಂದು ಆ ಯಂತ್ರವೇ ಹೆಚ್ಚು ದಂಡ ಮಾಡುತ್ತದೆ ಎನ್ನಲಾಗದು. ಬಾಗಿದ ಆಕಾರಗಳನ್ನು ಒಂದರ ಮಗ್ಗುಲಿಗೆ ಇನ್ನೊಂದನ್ನು ಒತ್ತಾಗಿ ಕೂರಿಸುವುದರಲ್ಲಿ ಅದು ಕೈಗರಗಸಕ್ಕಿಂತ ಬಹಳ ಮುಂದೆ.

ಅಲ್ಲಿಂದ ಉಳಿದ ತುಂಡುಗಳನ್ನಿಡುವ ಜಾಗಕ್ಕೆ ಹೋಗಿ. ನಾನು ನೋಡಿದ ಕಪಾಟಿನಲ್ಲಿ ಅವು ದಪ್ಪಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ನಿಂತಿದ್ದವು. ಪ್ರತಿಯೊಂದರ ಮೂಲೆಯಲ್ಲಿಯೂ ಪೆನ್ಸಿಲಿನಲ್ಲಿ ಉದ್ದ ಅಗಲ ಬರೆದು, ಎಳೆ ಯಾವ ಕಡೆಗೆ ಎಂದು ಬಾಣದ ಗುರುತು ಹಾಕಿದ್ದರು. ಗುರುತು ಹಾಕಿದ ತುಂಡನ್ನು ಯಾರೋ ಮತ್ತೆ ಹುಡುಕುತ್ತಾರೆ ಎಂದರ್ಥ. ಮಗ್ಗುಲಲ್ಲಿ ಅಂಥವುಗಳಿಂದಲೇ ಆದ ಸಣ್ಣ ಕಾಲುಮಣೆಗಳೂ ಡ್ರಾಯರಿನ ಹಿಡಿಗಳೂ ಇದ್ದವು. ಏನಕ್ಕೂ ಬಾರದ ಚೂರುಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಕೇಳಲು ಮರೆಯಬೇಡಿ. ಅಂಟು ಬೆರೆತ ಪ್ಲೈವುಡ್ ಮರದಂತೆ ಗೊಬ್ಬರವಾಗುವುದಿಲ್ಲ, ಅದನ್ನು ಬಯಲಿನಲ್ಲಿ ಸುಡುವುದು ಸಲ್ಲದು. ಈ ಪ್ರಶ್ನೆಗೆ ತಡವರಿಸದೆ ಉತ್ತರಿಸಬಲ್ಲವರು ಅದರ ಬಗ್ಗೆ ಮೊದಲೇ ಯೋಚಿಸಿರುತ್ತಾರೆ.

ಜೋಡಣೆಯನ್ನು ನೋಡುವಾಗ ಅವಸರ ಮಾಡಬೇಡಿ. ‘ಇದನ್ನು ಒಮ್ಮೆ ಬಿಚ್ಚಿ ತೋರಿಸುತ್ತೀರಾ?’ ಎಂದು ನಾನು ಕೇಳಿದಾಗ ಅಲ್ಲಿನ ಯುವ ಕೆಲಸಗಾರರೊಬ್ಬರು ಒಂದೇ ಅಲೆನ್ ಕೀಲಿಯಿಂದ (ಬೋಲ್ಟು ತಿರುಗಿಸುವ ಆರು ಮೂಲೆಯ ಸಲಾಕೆಯಿಂದ) ಪುಸ್ತಕದ ಕಪಾಟಿನ ಎಂಟು ಬೋಲ್ಟುಗಳನ್ನು ತೆಗೆದು, ಬದಿಯ ಹಲಗೆಯನ್ನು ಮೇಲಕ್ಕೆತ್ತಿ, ಅದು ಕೂತಿದ್ದ ಸೀಳಿನಿಂದ ಬಿಡಿಸಿ ನನ್ನ ಕೈಗೆ ಕೊಟ್ಟರು. ಅಲ್ಲಿ ಗಮನಿಸಬೇಕಾದದ್ದು ಎರಡು. ಮೊದಲನೆಯದು, ಸ್ಕ್ರೂಗಳು ಶೀಟಿನ ಮುಖಕ್ಕೆ ಹೋಗಿವೆಯೋ ಅಂಚಿಗೆ ಹೋಗಿವೆಯೋ ಎಂಬುದು. ಅಂಚಿಗೆ ಹೊಡೆದ ಸ್ಕ್ರೂ ಎರಡು ಪದರಗಳ ನಡುವೆ ಬೆಣೆಯಂತೆ ನುಗ್ಗಿ ಅವನ್ನು ಅಗಲಿಸಬಹುದು, ಹಿಡಿತವೂ ಕಡಿಮೆ. ಅನಿವಾರ್ಯವಾದ ಕಡೆ ಮೊದಲೇ ಸರಿಯಾದ ಅಳತೆಯ ರಂಧ್ರ ಕೊರೆದಿರಬೇಕು. ಎರಡನೆಯದು, ಬಾರಿಬಾರಿಗೂ ಬಿಚ್ಚಿ ಕೂಡಿಸಬೇಕಾದ ಕಡೆ ಬೋಲ್ಟು ತಿರುಗಲು ಒಳಗೆ ತಿರುಪುಗೆರೆಗಳಿರುವ ಲೋಹದ ಸಣ್ಣ ಕೊಳವೆಯನ್ನು ಮರದಲ್ಲಿ ಕೂರಿಸಿದ್ದಾರೆಯೇ ಎಂಬುದು. ಮರದಲ್ಲಿ ನೇರವಾಗಿ ತಿರುಗುವ ಸ್ಕ್ರೂ ನಾಲ್ಕಾರು ಸಲಕ್ಕೆ ಸಡಿಲವಾಗುತ್ತದೆ, ಲೋಹದೊಳಗೆ ತಿರುಗುವ ಬೋಲ್ಟಿಗೆ ಆ ತೊಂದರೆಯಿಲ್ಲ. ಇನ್ನೊಂದು ಸೂಕ್ಷ್ಮವನ್ನು ಅವರೇ ತೋರಿಸಿಕೊಟ್ಟರು. 18 ಮಿಲಿಮೀಟರ್ ಎಂದು ಮಾರುವ ಶೀಟನ್ನು ದಪ್ಪ ಅಳೆಯುವ ಕ್ಯಾಲಿಪರಿನಿಂದ ಅಳೆದರೆ 17.6 ಇರಬಹುದು, ಇನ್ನೊಂದು ಸರಕಿನಲ್ಲಿ 18.2 ಇರಬಹುದು; ಅದಕ್ಕಾಗಿ ಸೀಳು ತೆಗೆಯುವ ಮುನ್ನ ಪ್ರತಿ ಶೀಟನ್ನೂ ಅವರು ಅಳೆದುಕೊಳ್ಳುತ್ತಾರೆ. ಅಷ್ಟು ಮಾಡಿದ್ದರಿಂದಲೇ ಆ ಹಲಗೆ ಅಂಟಿಲ್ಲದೆಯೂ ಅಲ್ಲಾಡದೆ ಕೂತಿತ್ತು.

ಪುಸ್ತಕದ ಕಪಾಟು ಮಾಡಿಸುವುದಾದರೆ ಅಡ್ಡಹಲಗೆಯ ಉದ್ದದ ಬಗ್ಗೆ ಅವರು ತಾವಾಗಿಯೇ ಮಾತೆತ್ತುತ್ತಾರೆಯೇ ನೋಡಿ. ಉದ್ದಕ್ಕೂ ಪುಸ್ತಕ ತುಂಬಿದ ಹಲಗೆಯ ಉದ್ದವನ್ನು ಎರಡರಷ್ಟು ಮಾಡಿದರೆ ಅದು ಬಾಗುವ ಪ್ರಮಾಣ 16 ಪಟ್ಟಾಗುತ್ತದೆ. ದಪ್ಪವನ್ನು ಎರಡರಷ್ಟು ಮಾಡಿದರೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೊರಪದರದ ಎಳೆಯೂ ಹಲಗೆಯ ಉದ್ದಕ್ಕೇ ಹರಿದಿರಬೇಕು. ನಡುವೆ ಒಂದು ಆಸರೆ ಕೊಟ್ಟು ತೆಳುವಾದ ಹಲಗೆಯಲ್ಲಿ ಕೆಲಸ ಮುಗಿಸುವವರು ಮರವನ್ನೂ ಉಳಿಸುತ್ತಾರೆ, ನಿಮ್ಮ ಪುಸ್ತಕಗಳನ್ನೂ ನೆಟ್ಟಗೆ ನಿಲ್ಲಿಸುತ್ತಾರೆ.

ಪ್ಲೈವುಡ್ ಎಂದರೆ ಬಾಳಿಕೆ ಬಾರದ ವಸ್ತುವೆಂಬ ಮಾತನ್ನು ನಿಮಗೆ ಯಾರಾದರೂ ಹೇಳಿರಬಹುದು. ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1930ರ ದಶಕದ ಆರಂಭದಲ್ಲಿ ಪೈಮಿಯೊ ಕ್ಷಯರೋಗ ಆಸ್ಪತ್ರೆಗಾಗಿ ಬಾಗಿಸಿದ ಪ್ಲೈವುಡ್ಡಿನ ಆಸನವುಳ್ಳ ಕುರ್ಚಿಯನ್ನು ರೂಪಿಸಿದರು. ಅದೇ ವಿನ್ಯಾಸದ ಕುರ್ಚಿ ಇಂದಿಗೂ ತಯಾರಾಗುತ್ತಿದೆ. ವಸ್ತುವಿನಲ್ಲಿ ದೋಷವಿಲ್ಲ, ಒಳ್ಳೆಯ ಪದರ, ಒಳ್ಳೆಯ ಅಂಟು ಮತ್ತು ನೀರು ಹೊಗದಂತೆ ಮುಚ್ಚಿದ ಅಂಚು ಬೇಕು, ಅಷ್ಟೆ. ಅಂಚನ್ನು ಎಣ್ಣೆ ಮೇಣದಿಂದ ಮುಚ್ಚಿದ್ದಾರೋ ವಾರ್ನಿಷಿನಿಂದಲೋ ಎಂಬುದನ್ನು ಕೇಳಿಕೊಳ್ಳಿ: ಎಣ್ಣೆ ಮೇಣವಾದರೆ ಗೀರು ಬಿದ್ದ ಜಾಗವನ್ನಷ್ಟೇ ಉಜ್ಜಿ ಮತ್ತೆ ಹಚ್ಚಬಹುದು, ಆದರೆ ಆಗಾಗ ಹಚ್ಚುತ್ತಿರಬೇಕು. ಎಣ್ಣೆ ಒರೆಸಿದ ಬಟ್ಟೆಗಳನ್ನು ಅಲ್ಲಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿದ್ದರು. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ತನ್ನಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು, ಮನೆಯಲ್ಲಿ ಹಚ್ಚುವಾಗ ನೀವೂ ಇದನ್ನು ನೆನಪಿಡಿ.

ಭೇಟಿಯ ದಿನವನ್ನು ಗೊತ್ತು ಮಾಡುವಾಗ ಶೀಟು ಕತ್ತರಿಸುವ ದಿನವೇ ಬರುತ್ತೇನೆಂದು ತಿಳಿಸಿ. ಪಾದ ಮುಚ್ಚುವ ಪಾದರಕ್ಷೆ ಮತ್ತು ಮುಖಗವಸು ಇರಲಿ, ಮರದ ಧೂಳು ಉಸಿರಿಗೆ ಒಳ್ಳೆಯದಲ್ಲ. ಯಂತ್ರಕ್ಕೆ ಧೂಳು ಹೀರುವ ಕೊಳವೆ ಜೋಡಿಸಿದ್ದಾರೆಯೇ, ಕೆಲಸಗಾರರೂ ಮುಖಗವಸು ಧರಿಸಿದ್ದಾರೆಯೇ ಎಂಬುದನ್ನು ಹೋದ ಕೂಡಲೇ ನೋಡಿಕೊಳ್ಳಿ. ಮೇಜು ನಿಲ್ಲಬೇಕಾದ ಜಾಗದ ಅಳತೆಯ ಜೊತೆಗೆ, ಎಷ್ಟು ಬಿಟ್ಟುಕೊಡಬಲ್ಲಿರಿ ಎಂಬ ಅಳತೆಯನ್ನೂ ಬರೆದುಕೊಂಡು ಹೋಗಿ. ಕತ್ತರಿಸುವ ನಕ್ಷೆಯ ಮುಂದೆ ಕೂತಾಗ ಅವರು ಮೊದಲು ಕೇಳುವುದು ಅದನ್ನೇ.