ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಬರಹಗಾರರಿಗೆ ಏನಾದರೂ ನೇಮ ಬೇಕಾ?

"ಹನ್ನೆರಡು ಕಥೆ ಬರೆದಿದ್ದೇನೆ. ಪ್ರಕಾಶಕರಿಗೆ ಕಾಯದೆ ನಾನೇ ಪ್ರಿಂಟ್ ಮಾಡಿಸುತ್ತೇನೆ. ನಮಗೆ ನಾವೇ ಏನಾದರೂ ಕಟ್ಟುಪಾಡು ಹಾಕಿಕೊಳ್ಳಬೇಕಾ?" ಅಂತ ಕೇಳಿದ್ದೀರಿ.

ಖಂಡಿತ ಬೇಕು. ನಾನು ತೀರ್ಥಹಳ್ಳಿ ಕಡೆಯವಳು. ಮೂರು ಪುಸ್ತಕ ನಾನೇ ತಂದಿದ್ದೇನೆ. ನನ್ನ ಮುಖ್ಯ ನೇಮ ಒಂದೇ: ಯಾರ ಕೆಲಸದ ಬಗ್ಗೆ ಬರೆದಿದ್ದೇನೋ ಅವರಿಗೆ ಓದಿ ಹೇಳದೆ ಆ ಪುಟ ಪ್ರೆಸ್ಸಿಗೆ ಹೋಗಬಾರದು.

ಮೊದಲ ಪುಸ್ತಕದಲ್ಲಿ ಒಬ್ಬ ಕೊನೆಗಾರನ ಕಥೆ ಇತ್ತು. ಆಷಾಢದ ಮಳೆ ಸುರಿಯುತ್ತಿದೆ, ಅವನು ಅಡಿಕೆ ಮರದ ತುದಿಯಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುತ್ತಿದ್ದಾನೆ, ಕೆಳಗೆ ಮಗ ಹಗ್ಗ ಹಿಡಿದು ನಿಂತಿದ್ದಾನೆ. ಆ ಮಳೆಯನ್ನು ತಿದ್ದಿ ತಿದ್ದಿ ಬರೆದಿದ್ದೆ. 500 ಪ್ರತಿ ಮನೆಗೆ ಬಂದವು. ನಮ್ಮ ತೋಟಕ್ಕೆ ಬರುವ ಕೊನೆಗಾರರಿಗೆ ಖುಷಿಯಿಂದ ಒಂದು ಕೊಟ್ಟೆ. ಮುಂದಿನ ವಾರ ಅವರು ಜಗಲಿ ಮೇಲೆ ಕೂತು, ಆ ಪುಟದ ಮೇಲೆ ಬೆರಳಿಟ್ಟು ಕೇಳಿದರು: "ಅಮ್ಮಾ, ಆಷಾಢದಲ್ಲಿ ಯಾರು ಕೊನೆ ತೆಗೀತಾರೆ? ಆಗ ನಾವು ಮರ ಹತ್ತೋದು ಮದ್ದು ಹೊಡಿಯೋಕಲ್ವಾ?"

ಹೌದಲ್ಲ! ಆಗ ಕಾಯಿ ಇನ್ನೂ ಎಳೆಯದು. ಕೊಳೆರೋಗ ತಗುಲದಂತೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಕಾಲ ಅದು. ಕೊಯ್ಲು ಮಳೆ ಕಳೆದ ಮೇಲೆ. ತೋಟದ ಮನೆಯಲ್ಲೇ ಬೆಳೆದ ನನಗೆ ಇದು ಗೊತ್ತಿಲ್ಲದ್ದಲ್ಲ. ವರ್ಣನೆಯ ಆಸೆಗೆ ಬಿದ್ದು ಮರೆತಿದ್ದೆ. ನಾನೇ ಬರೆದು, ನಾನೇ ಒಪ್ಪಿ, ನಾನೇ ದುಡ್ಡು ಕೊಟ್ಟಾಗ "ತಡಿ" ಅನ್ನೋರು ಯಾರೂ ಇರಲಿಲ್ಲ. ಈಗ ಹಾಗೆ ಅನ್ನೋರನ್ನು ನಾನೇ ಹುಡುಕಿಕೊಂಡು ಹೋಗುತ್ತೇನೆ. ಸೂಲಗಿತ್ತಿಯ ಕಥೆಯನ್ನು ಊರಿನ ಹಿರಿಯ ಸೂಲಗಿತ್ತಿಗೆ ಓದಿ ಹೇಳಿದೆ. ಎರಡು ಪುಟ ಹೊಡೆದು ಹಾಕಬೇಕಾಯಿತು. ಆ ದಿನ ತುಂಬಾ ಬೇಜಾರಾಗಿತ್ತು, ಸುಳ್ಳು ಹೇಳಲ್ಲ.

ಇನ್ನೊಂದು, ಕಡಿಮೆ ಪ್ರತಿ ಹಾಕಿಸಿ. ಆಫ್‌ಸೆಟ್‌ನಲ್ಲಿ ಪ್ರತಿ ಜಾಸ್ತಿ ಆದಷ್ಟೂ ಒಂದೊಂದರ ಖರ್ಚು ಇಳಿಯುತ್ತೆ. ಆ ಲೆಕ್ಕ ನಂಬಿ 500 ಹಾಕಿಸಿದ್ದೆ. 300ಕ್ಕೂ ಹೆಚ್ಚು ಅಟ್ಟ ಸೇರಿದವು. ನಮ್ಮ ಮಳೆಗಾಲ ಗೊತ್ತಲ್ಲ, ಎರಡೇ ವರ್ಷಕ್ಕೆ ರಕ್ಷಾಪುಟದ ಮೇಲೆಲ್ಲ ಬೂಸಲು. ಈಗ ಡಿಜಿಟಲ್ ಪ್ರಿಂಟ್‌ನಲ್ಲಿ 100 ಪ್ರತಿ ಅಷ್ಟೇ. ಒಂದಕ್ಕೆ ದುಬಾರಿ ಬೀಳುತ್ತೆ. ಆದರೆ ಯಾರಾದರೂ ತಪ್ಪು ತೋರಿಸಿದರೆ ಮುಂದಿನ 100ರಲ್ಲಿ ತಿದ್ದಬಹುದು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸಿದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಾಗದದ ಮೇಲೆ ಮತ್ತೊಮ್ಮೆ ನೋಡಿ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಕೊಡಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. 1954ರ ಕಾಯ್ದೆ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕು. ಅದನ್ನೂ ಮರೀಬೇಡಿ.

ಸ್ವಂತ ಪ್ರಕಟಣೆ ಅಂದರೆ ಮೂಗು ಮುರಿಯುವವರು ಸಿಗುತ್ತಾರೆ. ನಮ್ಮ ಕುಪ್ಪಳಿಯ ಕುವೆಂಪು ಅವರ ಎಷ್ಟೋ ಪುಸ್ತಕಗಳು ಬಂದದ್ದು ಉದಯರವಿ ಪ್ರಕಾಶನದಿಂದ. ಉದಯರವಿ ಅನ್ನೋದು ಮೈಸೂರಿನಲ್ಲಿದ್ದ ಅವರ ಮನೆಯ ಹೆಸರು. ಹಾಗಾಗಿ ಆ ಮಾತಿಗೆ ಕುಗ್ಗಬೇಡಿ.

ಕೊನೆಗಾರನ ಕಥೆಯನ್ನು ಎರಡನೇ ಮುದ್ರಣಕ್ಕೆ ತಿದ್ದಿದೆ. ಆಷಾಢ ಹಾಗೇ ಇದೆ. ಆದರೆ ಈಗ ಅಪ್ಪ ಮಗ ಇಬ್ಬರೂ ಕಂಬಳಿ ಕೊಪ್ಪೆ ಹೊದ್ದು ಮಳೆ ಹೊಳವಾಗೋದನ್ನೇ ಕಾಯುತ್ತಾರೆ. ಹೊಳವಾದ ಕೂಡಲೇ ಅಪ್ಪ ಮರ ಹತ್ತುತ್ತಾನೆ. ಕೆಳಗೆ ಪಂಪು ಒತ್ತುವ ಮಗನ ಕೊಪ್ಪೆ ಮೇಲೆ ಮದ್ದಿನ ನೀಲಿ ಹನಿ ಬೀಳುತ್ತದೆ. ಆ ನೀಲಿ ಹನಿ ನನಗೆ ಹೊಳೆದದ್ದಲ್ಲ, ಜಗಲಿ ಮೇಲೆ ಕೂತು ಅವರು ಹೇಳಿದ್ದು.