ಸುವಾರ್ತೆಯ ಪಾಠ ವಿದ್ಯಾರ್ಥಿಗಳ ದಿನದ ಬದುಕಿಗೆ ಇಳಿಯುವುದು ಹೇಗೆ?

ಪಾಠ ಕೇಳಿ ತಲೆಯಾಡಿಸುವವರು ಹೊರಗೆ ಹೋದ ಮೇಲೂ ಹಾಗೆ ನಡೆಯಬೇಕು, ಅಲ್ವಾ? ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯ ನೋಡಿ. "ನನ್ನ ನೆರೆಯವನು ಯಾರು?" ಎಂಬ ಪ್ರಶ್ನೆಗೆ ಯೇಸು ನೇರ ಉತ್ತರ ಕೊಡಲಿಲ್ಲ. ಒಳ್ಳೆಯ ಸಮಾರ್ಯದವನ ಕಥೆ ಹೇಳಿದರು: ಕಳ್ಳರ ಹೊಡೆತಕ್ಕೆ ದಾರಿಯಲ್ಲಿ ಬಿದ್ದವನನ್ನು ಇಬ್ಬರು ನೋಡಿಯೂ ದಾಟಿ ಹೋದರು, ಸಮಾರ್ಯ ಎಂಬ ನಾಡಿನ ಮೂರನೆಯವನು ನೆರವಾದ. ಈ ಮೂವರಲ್ಲಿ ನೆರೆಯವನಾದವನು ಯಾರು ಎಂದು, ಪ್ರಶ್ನೆ ಹಾಕಿದವನನ್ನೇ ಕೇಳಿದರು. ಉತ್ತರ ಅವನ ಬಾಯಿಂದಲೇ ಬಂತು. "ಹೋಗಿ ಹಾಗೆಯೇ ಮಾಡು" ಎಂದದ್ದು ಆಮೇಲೆ.

ಪಾಠ ಹೇಳುವ ನೀವೂ ಹೀಗೇ ಮಾಡಿ. ಸುಮ್ನೆ "ಬೇರೆಯವರನ್ನು ಕ್ಷಮಿಸಿ" ಎಂದು ಹೇಳಿದರೆ ಸಾಲದು. ಹೀಗೆ ಕೇಳಿ: "ಗೆಳೆಯ ನಿಮ್ಮ ಗುಟ್ಟು ಬಯಲು ಮಾಡಿದ್ದಾನೆ, ನಾಳೆ ಎದುರು ಸಿಕ್ಕರೆ ನಿಮ್ಮ ಮೊದಲ ಮಾತು ಏನು?" ವಿದ್ಯಾರ್ಥಿಗಳೇ ಯೋಚಿಸಲಿ. ಈ ವಾರಕ್ಕೆ ಒಂದೇ ಕೆಲಸ ಆರಿಸಿಕೊಳ್ಳಲಿ, ಜಾಸ್ತಿ ಬೇಡ. ಮುಂದಿನ ವಾರ ಮರೆಯದೆ ವಿಚಾರಿಸಿ. ಆಗಲಿಲ್ಲ ಎಂದರೆ ಬೈಯಬೇಡಿ. ಎಲ್ಲಿ ಕಷ್ಟವಾಯಿತು ಎಂದು ಕೇಳಿಸಿಕೊಳ್ಳಿ, ನಿಮಗೆ ಕಷ್ಟವಾದದ್ದನ್ನೂ ಹೇಳಿ.